ತಲೆ ತುಂಬಾ ಪುಕ್ಕ, ಎದೆ ಮಾತ್ರ ಬೋಳು

ಮನೆಯಲ್ಲಿ ಸಾಕಿದ ಬಡ್ಜಿ ಎಂಬ ಪುಟ್ಟ ಗಿಳಿಯ ಪುಕ್ಕ ಹೋಗಿ ಚರ್ಮ ಕಾಣತೊಡಗಿದರೆ ಮೊದಲು ಅದರ ತಲೆ ನೋಡಿ. ತಲೆಯ ಮೇಲೆ ಪುಕ್ಕ ಸೊಂಪಾಗಿದ್ದು ಎದೆ, ತೊಡೆ ಬೋಳಾಗಿದ್ದರೆ ಹಕ್ಕಿ ತಾನೇ ಕಿತ್ತುಕೊಳ್ಳುತ್ತಿರಬಹುದು. ಯಾಕೆಂದರೆ ಅದರ ಕೊಕ್ಕು ಅದರ ತಲೆಗೆ ಎಟುಕುವುದಿಲ್ಲ. ತಲೆ, ಕತ್ತೇ ಬೋಳಾಗಿದ್ದರೆ ಕಿತ್ತದ್ದು ಬಹುಶಃ ಪಂಜರದ ಜೊತೆಗಾರ. ಇಲ್ಲವೇ ಚರ್ಮಕ್ಕೆ ನುಸಿ ಹತ್ತಿ, ಹಕ್ಕಿ ಕಂಬಿಗೆ ತಲೆ ಉಜ್ಜುತ್ತಿದೆ. ಗೂಡಿನಲ್ಲಿರುವ ಮರಿಯ ಬೆನ್ನು ಬೋಳಾಗಿದೆಯೇ? ಅದು ತಾಯಿಯ ಕೆಲಸವೂ ಆಗಿರಬಹುದು. ಮುಂದಿನ ಮೊಟ್ಟೆಗೆ ಅವಸರವಾದ ತಾಯಿ ಮರಿಗಳ ಪುಕ್ಕ ಕೀಳುವುದುಂಟು. ಆದರೆ ಹಾರಲು ಕಲಿಯುವ ವಯಸ್ಸಿನ ಮರಿಯ ರೆಕ್ಕೆ, ಬಾಲದ ಉದ್ದ ಗರಿಗಳೇ ಉದುರುತ್ತಿದ್ದರೆ ವೈರಸ್ ಇರುವ ಸಾಧ್ಯತೆ ಜಾಸ್ತಿ. ಆ ಮರಿಯನ್ನು ತಕ್ಷಣ ಬೇರೆ ಇಡಬೇಕು.

ಇಷ್ಟನ್ನು ಕಣ್ಣಿಂದಲೇ ನೋಡಬಹುದು. ಆದರೂ ನಮ್ಮ ಕೊಡಗಿನ ಮನೆಗಳಲ್ಲಿ ನನಗೆ ಮೊದಲು ಕೇಳಿಸುವ ಮಾತು, 'ಯಾರದ್ದೋ ಕಣ್ಣು ಬಿದ್ದಿದೆ'. ಆಮೇಲೆ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುತ್ತಾರೆ. ದಯವಿಟ್ಟು ಹಕ್ಕಿ ಇರುವ ಮನೆಯಲ್ಲಿ ಇದನ್ನು ಮಾಡಬೇಡಿ. ಹಕ್ಕಿಯ ಶ್ವಾಸಕೋಶಕ್ಕೆ ಗಾಳಿಚೀಲಗಳು ಜೋಡಿಕೊಂಡಿವೆ. ಗಾಳಿಯಲ್ಲಿರುವುದನ್ನು ಅದು ನಮಗಿಂತ ಚೆನ್ನಾಗಿ ಹೀರುತ್ತದೆ, ವಿಷವನ್ನೂ ಸೇರಿಸಿ. ನಮಗೆ ಎರಡು ಸೀನು ಬರಿಸುವ ಘಾಟು ಮೂವತ್ತು-ನಲವತ್ತು ಗ್ರಾಂ ತೂಕದ ಜೀವಕ್ಕೆ ತಡೆಯಲಾಗದು. ಇನ್ನು ಕೆಲವರು ಬೋಳು ಜಾಗಕ್ಕೆ ತೆಂಗಿನೆಣ್ಣೆ ಹಚ್ಚುತ್ತಾರೆ. ಎಣ್ಣೆ ಪಕ್ಕದ ಒಳ್ಳೆಯ ಪುಕ್ಕಕ್ಕೂ ಹರಡಿ ಅದನ್ನು ಅಂಟಿಸಿಬಿಡುತ್ತದೆ. ಪುಕ್ಕದ ನಡುವೆ ಬಿಸಿಗಾಳಿ ನಿಲ್ಲುವುದಿಲ್ಲ. ಆಷಾಢದ ಮಳೆಯಲ್ಲಿ ಹಕ್ಕಿ ನಡುಗುತ್ತಾ ಕೂರುತ್ತದೆ.

ಎಣ್ಣೆ ಯಾಕೆ ಕೆಲಸ ಮಾಡುವುದಿಲ್ಲ ಅಂದರೆ, ಬೆಳೆದು ನಿಂತ ಗರಿಯಲ್ಲಿ ಜೀವವೇ ಇಲ್ಲ. ನಮ್ಮ ಉಗುರಿನಲ್ಲಿರುವ ಹಾಗೆ ಅದರಲ್ಲೂ ಇರುವುದು ಕೆರಟಿನ್ ಎಂಬ ಪ್ರೋಟೀನ್. ಜೀವ ಇರುವುದು ಚರ್ಮದೊಳಗಿನ ಪುಟ್ಟ ಕುಳಿಯಲ್ಲಿ. ಅಲ್ಲಿ ಗರಿ ಮೊಳೆಯುವ ರೀತಿ ನನಗೆ ತುಂಬಾ ಇಷ್ಟ. ತೋಟದಲ್ಲಿ ಬಾಳೆಯ ಸುಳಿ ನೋಡಿದ್ದೀರಲ್ವಾ? ಇಡೀ ಎಲೆ ಒಳಗೇ ಸುರುಳಿ ಸುತ್ತಿಕೊಂಡು ಕಡ್ಡಿಯ ಹಾಗೆ ಮೇಲೆ ಬಂದು, ಆಮೇಲೆ ಬಿಚ್ಚುತ್ತದೆ. ಗರಿಯೂ ಹಾಗೇ. ಕುಳಿಯ ತಳದಲ್ಲಿ ಬಳೆಯಂತೆ ಕೂತ ಜೀವಕೋಶಗಳು ಒಂದೇ ಸಮನೆ ಹೆಚ್ಚುತ್ತವೆ. ಹಳೆಯವನ್ನು ಮೇಲಕ್ಕೆ ನೂಕುತ್ತವೆ. ಗರಿಯ ತುದಿ ಮೊದಲು ತಯಾರಾಗುತ್ತದೆ, ದಂಟು ಕೊನೆಗೆ. ಎಳೆಗಳೆಲ್ಲ ಕೊಳವೆಯೊಳಗೆ ಸುತ್ತಿಕೊಂಡಿರುತ್ತವೆ. ಹೊರಗೆ ಮೇಣದ ಬಣ್ಣದ ಸಿಪ್ಪೆ, ಒಳಗೆ ಹರಿಯುವ ರಕ್ತ.

ಈ ಕೊಳವೆಯ ವಿಷಯಕ್ಕೆ ಸ್ವಲ್ಪ ಚರಿತ್ರೆ ಹೇಳಲೇಬೇಕು. 1861ರಲ್ಲಿ ಜರ್ಮನಿಯ ಸುಣ್ಣಕಲ್ಲಿನಲ್ಲಿ ಕೋಟ್ಯಂತರ ವರ್ಷ ಹಳೆಯ ಒಂದೇ ಒಂದು ಗರಿಯ ಗುರುತು ಸಿಕ್ಕಿದ ಸುದ್ದಿ ಹೊರಬಂತು. ಹಲ್ಲಿ ಜಾತಿಯ ಪ್ರಾಣಿಗಳ ಹುರುಪೆ ಉದ್ದವಾಗಿ, ಅಂಚು ಸೀಳಿ ಗರಿ ಆಯಿತು ಅಂತ ಬಹಳ ಕಾಲ ನಂಬಿದ್ದರು. 1999ರಲ್ಲಿ ಅಮೆರಿಕದ ಪಕ್ಷಿವಿಜ್ಞಾನಿ ರಿಚರ್ಡ್ ಪ್ರಮ್ ಬೇರೆ ಮಾತು ಹೇಳಿದರು. ಹುರುಪೆ ಚಪ್ಪಟೆ, ಗರಿ ಹುಟ್ಟುವುದೇ ಕೊಳವೆಯಾಗಿ. ಹಾಗಾದರೆ ಮೊದಲ ಗರಿಯೂ ಬರೀ ಟೊಳ್ಳು ಕಡ್ಡಿ ಆಗಿದ್ದಿರಬೇಕು. 1996ರಿಂದ ಚೀನಾದಲ್ಲಿ ಸಿಗುತ್ತಿರುವ ಕೆಲವು ಡೈನೋಸಾರ್ ಪಳೆಯುಳಿಕೆಗಳ ಮೈಮೇಲೆ ಈ ಮಾತಿಗೆ ಹೊಂದುವ ಸರಳವಾದ ಎಳೆಗಳಿವೆ. ಕೋಟ್ಯಂತರ ವರ್ಷದ ಆ ಕೆಲಸ ನಿಮ್ಮ ವರಾಂಡದ ಪಂಜರದಲ್ಲಿ ಕೆಲವು ವಾರಗಳಲ್ಲಿ ಮತ್ತೆ ನಡೆಯುತ್ತದೆ!

ಹೊಸದಾಗಿ ಬರುವ ಈ ಮುಳ್ಳಿನಂಥ ಗರಿಯನ್ನು ಮುಟ್ಟಬೇಡಿ. ಅದು ಮುರಿದರೆ ರಕ್ತ ಸುರಿಯುತ್ತದೆ. ಆಗ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು ಪಶುವೈದ್ಯರ ಹತ್ತಿರ ಓಡಬೇಕು. ಬೆಳೆದಾದ ಮೇಲೆ ರಕ್ತ ಹಿಂದೆ ಸರಿದು ಸಿಪ್ಪೆ ಒಣಗುತ್ತದೆ. ಹಕ್ಕಿ ಅದನ್ನು ಕೊಕ್ಕಿನಿಂದ ಉದುರಿಸುತ್ತದೆ. ಪಂಜರದ ತಳದಲ್ಲಿ ಬೀಳುವ ಬಿಳಿ ಪುಡಿಯಲ್ಲಿ ಅದೂ ಸೇರಿರುತ್ತದೆ. ತಲೆಯ ಸಿಪ್ಪೆ ಬಿಡಿಸಲು ಮಾತ್ರ ಜೊತೆಗಾರ ಬೇಕು.

ಕತ್ತರಿಸಿದ ಗರಿಗೂ ಕಿತ್ತ ಗರಿಗೂ ವ್ಯತ್ಯಾಸ ಬರುವುದು ಇಲ್ಲೇ. ಕತ್ತರಿಸಿದರೆ ಸತ್ತ ದಂಟು ಕುಳಿಯಲ್ಲೇ ಕೂತಿರುತ್ತದೆ. ಪುಕ್ಕ ಬದಲಿಸುವ ಕಾಲ ಬರುವ ತನಕ ಹೊಸತು ಹುಟ್ಟುವುದಿಲ್ಲ. ಬುಡಸಮೇತ ಕಿತ್ತರೆ ಕುಳಿ ಖಾಲಿಯಾಗಿ ಬೇಗ ಕೆಲಸ ಶುರುಮಾಡುತ್ತದೆ. ಆದರೆ ತಿಂಗಳುಗಟ್ಟಲೆ ಒಂದೇ ಜಾಗ ಕೀಳುತ್ತಿದ್ದರೆ ಕುಳಿ ಗಾಯವಾಗಿ ಮುಚ್ಚಿಕೊಳ್ಳಬಹುದು. ಆಮೇಲೆ ಅಲ್ಲಿ ಪುಕ್ಕ ಬರುವುದೇ ಇಲ್ಲ.

ಹಾಗಾದರೆ ಕೀಳುವುದು ಯಾಕೆ? ನೆನಪಿಡಿ, ಇದು ಆಸ್ಟ್ರೇಲಿಯಾದ ಒಣ ಒಳನಾಡಿನ, ಹಿಂಡಿನಲ್ಲಿ ಹಾರುವ ಹಕ್ಕಿ. ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಗೌಲ್ಡ್ 1840ರಲ್ಲಿ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಲೋಕವೆಲ್ಲ ಹಬ್ಬಿತು. ನಾವು ಅದನ್ನು ಒಂಟಿಯಾಗಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಕಾಣದ ಮೂಲೆಯಲ್ಲಿ ನೇತುಹಾಕುತ್ತೇವೆ. ತಿನ್ನಲು ವರ್ಷವಿಡೀ ಬರೀ ನವಣೆ. ಗರಿಯಲ್ಲಿ ಶೇಕಡಾ 90ರಷ್ಟು ಪ್ರೋಟೀನ್, ಅದಕ್ಕೆ ಗಂಧಕ ಇರುವ ಅಮೈನೋ ಆಮ್ಲ ಬೇಕು. ಬರೀ ಕಾಳಿನಲ್ಲಿ ಎ ಜೀವಸತ್ವವೂ ಸಾಲದು. ಪುಕ್ಕ ಬದಲಿಸುವ ದಿನಗಳಲ್ಲಿ ಬೇಯಿಸಿದ ಮೊಟ್ಟೆಯ ಚೂರು, ನುಗ್ಗೆಸೊಪ್ಪು, ತುರಿದ ಕ್ಯಾರೆಟ್ ಕೊಡಿ. ಮಳೆಗಾಲದಲ್ಲಿ ಮುಗ್ಗಲು ವಾಸನೆ ಬಂದ ಕಾಳು ಎಸೆಯಿರಿ. ಕಡಿಯಲು ಹಸಿ ಪೇರಳೆ ಕೊಂಬೆ ಕಟ್ಟಿ.

ಇಷ್ಟಾದರೂ ಕೀಳುವುದು ನಿಲ್ಲದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹೋಗುವಾಗ ಪಂಜರ ತೊಳೆಯಬೇಡಿ, ಹಾಗೇ ಒಯ್ಯಿರಿ. ತಳದಲ್ಲಿ ಬಿದ್ದ ಗರಿಗಳೇ ಎಷ್ಟೋ ಹೇಳುತ್ತವೆ. ತಾನಾಗಿ ಉದುರಿದ್ದು ತುದಿಯಿಂದ ಬುಡದವರೆಗೆ ಇಡಿಯಾಗಿರುತ್ತದೆ, ಹಕ್ಕಿ ಜಗಿದದ್ದರ ಅಂಚು ಹರಿದು ದಂಟು ನಜ್ಜುಗುಜ್ಜಾಗಿರುತ್ತದೆ.