ಸತ್ತ ಮೀನು ಯೋಚನೆ ಮಾಡಿತಂತೆ!

ಕಾರವಾರದ ಪೇಟೆಯಲ್ಲಿ ಬಂಗಡೆ ಕೊಳ್ಳುವವರು ಕಿವಿರು ಎತ್ತಿ ನೋಡದೆ ದುಡ್ಡು ಬಿಚ್ಚುವುದಿಲ್ಲ. ಅದೇ ಜನ 'ಸಂಶೋಧನೆಯಿಂದ ಸಾಬೀತಾಗಿದೆ' ಅಂದರೆ ಸಾಕು, ಸುಮ್ನೆ ನುಂಗಿಬಿಡುತ್ತಾರೆ. ಅವರಿಗೆ ಒಂದು ಸಾಲ್ಮನ್ ಮೀನಿನ ಕತೆ ಹೇಳಬೇಕು.

2009ರಲ್ಲಿ ಅಮೆರಿಕದ ಮಿದುಳು ಸಂಶೋಧಕ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಒಂದನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿದರು. ಮನುಷ್ಯರ ಫೋಟೊ ತೋರಿಸಿ, ಇವರ ಮನಸ್ಸಿನಲ್ಲಿ ಏನಿದೆ ಹೇಳು ಎಂದರು. (ಹೌದು, ಮೀನಿಗೇ.) ಲೆಕ್ಕ ಹಾಕಿದರೆ ಅದರ ಮಿದುಳಿನಲ್ಲಿ ಚಟುವಟಿಕೆ ಕಂಡಿತು!

ಪವಾಡ ಏನಿಲ್ಲ. ಅವರು ಹುಡುಕಿದ ಜಾಗದಲ್ಲಿ 8,064 ಚುಕ್ಕೆಗಳಿದ್ದವು. ಪ್ರತಿ ಚುಕ್ಕೆಗೂ ಒಂದು ಪರೀಕ್ಷೆ. ಸಾವಿರಕ್ಕೆ ಒಂದೇ ತಪ್ಪು ಎಂಬ ಬಿಗಿ ಲೆಕ್ಕ ಹಿಡಿದರೂ ಸುಮಾರು ಎಂಟು ಚುಕ್ಕೆಗಳು ಆಕಸ್ಮಿಕವಾಗಿಯೇ 'ಚಟುವಟಿಕೆ ಇದೆ' ಎಂದು ಗೆಲ್ಲಬೇಕು. ಇಲ್ಲಿ ಗೆದ್ದದ್ದು 16. ಪರೀಕ್ಷೆಗಳ ಸಂಖ್ಯೆಯನ್ನೂ ಲೆಕ್ಕಕ್ಕೆ ಸೇರಿಸಿದ ಕೂಡಲೇ ಎಲ್ಲವೂ ಮಾಯ.

ಈಗ ಶಿರಸಿಯ ತೋಟಕ್ಕೆ ಬನ್ನಿ. ಅಡಿಕೆ ಕೊಳೆರೋಗಕ್ಕೆ ಹೊಸ ಔಷಧಿ ಬಂದಿದೆ, ಅದರಲ್ಲಿ ಏನೂ ಗುಣವಿಲ್ಲ ಎಂದಿಟ್ಟುಕೊಳ್ಳಿ. ಉದುರಿದ ಕಾಯಿ, ಗೊನೆಯ ತೂಕ, ಚಾಲಿಯ ಬಣ್ಣ ಎಂದು ಒಂದಕ್ಕೊಂದು ಸಂಬಂಧವಿಲ್ಲದ 20 ಸಂಗತಿ ಅಳೆದರೆ, ಒಂದಾದರೂ 'ಗುಣ ಕಂಡಿದೆ' ಎನ್ನುವ ಸಾಧ್ಯತೆ ಶೇ 64! ಉಳಿದ 19ರ ಸುದ್ದಿ ಯಾರೂ ಎತ್ತುವುದಿಲ್ಲ, ಅಲ್ವಾ?

ಈ ಶೇ 64ರ ಲೆಕ್ಕಕ್ಕೆ ಹಿಡಿದದ್ದು 20ಕ್ಕೊಂದು ತಪ್ಪು ಎಂಬ ಗೆರೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ಅನುಕೂಲಕ್ಕೆಂದು ಅದನ್ನು ಬಳಸಿದರು, ಅಷ್ಟೇ. ನಮ್ಮ ವಿಜ್ಞಾನಿಗಳು ಅದನ್ನು ರಾಹುಕಾಲದ ಹಾಗೆ ಪಾಲಿಸುತ್ತಾ ಬಂದರು. ಗೆರೆ ದಾಟಿದರೆ ಶುಭ, ಇಲ್ಲದಿದ್ದರೆ ಅಶುಭ. ಪಂಚಾಂಗವನ್ನು ಗೇಲಿ ಮಾಡುವವರೂ ಇದರಲ್ಲಿದ್ದಾರೆ.

ಮದ್ದು ಸರಳ: ಏನನ್ನು ಅಳೆಯುತ್ತೇವೆ ಎಂದು ಮೊದಲೇ ಬರೆದು ಎಲ್ಲರಿಗೂ ಕಾಣುವಂತೆ ಇಡುವುದು. ಅಮೆರಿಕದ ಸರ್ಕಾರಿ ಹೃದಯ ಸಂಶೋಧನಾ ಸಂಸ್ಥೆ ಹಣ ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ, 2000ಕ್ಕೆ ಮುಂಚಿನ 30ರಲ್ಲಿ 17 'ಗುಣ ಕಂಡಿದೆ' ಎಂದು ಗೆದ್ದಿದ್ದವು. ಮೊದಲೇ ನೋಂದಣಿ ಮಾಡುವ ಪದ್ಧತಿ ಬಂದ ಮೇಲಿನ 25ರಲ್ಲಿ ಗೆದ್ದದ್ದು ಬರೀ ಎರಡು. ಬೇರೆ ಕಾರಣಗಳೂ ಇರಬಹುದು. ಆದರೆ ಗೆದ್ದದ್ದನ್ನೇ ನಮ್ಮ ಗುರಿ ಎನ್ನುವ ದಾರಿಯಂತೂ ಮುಚ್ಚಿತ್ತು. ಭಾರತದಲ್ಲೂ 2009ರ ಜೂನ್‌ನಿಂದ ಜನರ ಮೇಲಿನ ಔಷಧ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ಜಾಲತಾಣದಲ್ಲಿ ಮೊದಲೇ ದಾಖಲಿಸಬೇಕು. ಮೊಬೈಲಿನಲ್ಲೇ ತೆರೆದು ನೋಡಬಹುದು.

ಕೊಳೆರೋಗದ ಔಷಧಿ ಮಾರಲು ಬಂದವರಿಗೂ ಇದೇ ಪ್ರಶ್ನೆ ಹಾಕಿ. ಮಳೆಗಾಲಕ್ಕೆ ಮುಂಚೆ ಏನು ಬರೆದಿಟ್ಟಿದ್ದಿರಿ? ಔಷಧಿ ಹೊಡೆಯದ ಮರಗಳ ಲೆಕ್ಕ ಎಲ್ಲಿ?