ಹೊಸ ಲಾನ್ ಕಂದಿದೆಯೇ? ಮೊದಲು ಮೂಲೆ ಎತ್ತಿ ನೋಡಿ

“ದಿನಾ ಎರಡು ಸಲ ನೀರ್ ಬಿಡ್ತೀವ್ರಿ, ಆದ್ರೂ ಹುಲ್ಲು ಒಣಗಲತದ.” ಕಲಬುರಗಿಯಲ್ಲಿ ಬೇಸಿಗೆ ಶುರುವಾದರೆ ನನಗೆ ಬರುವ ಫೋನ್‌ಗಳಲ್ಲಿ ಇದೇ ಮಾತು ಜಾಸ್ತಿ. ಗೃಹಪ್ರವೇಶದ ಅವಸರದಲ್ಲಿ ನರ್ಸರಿಯಿಂದ ಮಣ್ಣು ಸಮೇತ ತುಂಡು ತುಂಡಾಗಿ ತಂದು ಹಾಸಿಸಿದ ಮೆಕ್ಸಿಕನ್ ಹುಲ್ಲು, ಕೆಲವೇ ವಾರಕ್ಕೆ ಅಲ್ಲಲ್ಲಿ ಕಂದು ಮಚ್ಚೆ. ಅಷ್ಟರಲ್ಲಿ ಯಾರದೋ ಮಾತು ಕೇಳಿ ಯೂರಿಯಾ ಎರಚಿಯೂ ಆಗಿರುತ್ತದೆ. ಬೇರಿಲ್ಲದ ಹುಲ್ಲಿಗೆ ಯೂರಿಯಾ ಹಾಕಿದರೆ ಇನ್ನಷ್ಟು ಸುಡುತ್ತದೆ, ಅಷ್ಟೇ.

ಗೊಬ್ಬರ, ಔಷಧಿ ಎಲ್ಲ ಬದಿಗಿಡಿ. ಮಚ್ಚೆ ಇರುವ ತುಂಡಿನ ಮೂಲೆ ಹಿಡಿದು ಮೆಲ್ಲಗೆ ಎತ್ತಿ. ಹಾಸಿ ಮೂರು ವಾರವಾದರೂ ಅದು ಚಾಪೆಯ ಹಾಗೆ ಎದ್ದು ಬಂತು ಅಂದರೆ ಬೇರು ಇಳಿದೇ ಇಲ್ಲ. ಈಗ ಕೆಳಗೆ ನೋಡಿ. ನರ್ಸರಿಯ ತುಂಡಿಗೆ ಅಂಟಿದ್ದು ಹೆಚ್ಚಾಗಿ ಕೆಂಪು ಮಣ್ಣು, ನಿಮ್ಮ ಅಂಗಳದ್ದು ಎರೆ ಮಣ್ಣು. ಎರೆ ಮಣ್ಣು ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮೇಲಿನ ತುಂಡು ಮಾತ್ರ ಇದ್ದಲ್ಲೇ ಇರುತ್ತದೆ. ನಡುವೆ ಬೆರಳು ತೂರುವಷ್ಟು ಟೊಳ್ಳು. ನೀವು ಬಿಟ್ಟ ನೀರು ಬಿರುಕು ಹಿಡಿದು ಕೆಳಗೆ ಹೋಗುತ್ತದೆ, ಬೇರಿಗೆ ಸಿಗುವುದಿಲ್ಲ. ಮಣ್ಣು, ಮರಳು, ಕಳಿತ ತಿಪ್ಪೆಗೊಬ್ಬರ ಜರಡಿ ಹಿಡಿದು ಬೆರೆಸಿ, ಟೊಳ್ಳು ತುಂಬಿ. ತುಂಡು ಕೂರಿಸಿ, ನೀರು ಹಾಕಿ, ಮೇಲೊಂದು ಹಲಗೆ ಇಟ್ಟು ತುಳಿಯಿರಿ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ಕಾಟ ಕಮ್ಮಿ. ಅಲ್ಲಿ ನೀರು ಬೇಗ ಬಸಿದು ಹೋಗುವುದೇ ತಾಪತ್ರಯ.

ಎತ್ತಿದಾಗ ಕೆಳಗೆ ಕೆಸರು, ಕೊಳೆತ ವಾಸನೆ ಇದ್ದರೆ ಕಥೆ ಉಲ್ಟಾ. ನೀರು ಜಾಸ್ತಿಯಾಗಿದೆ. ಉಬ್ಬಿದ ಎರೆ ಮಣ್ಣು ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೇರು ಕಂದಾಗಿ ಮೆತ್ತಗಾಗಿರುತ್ತದೆ. ಮೇಲಿನ ಒಂದಿಂಚು ಮಣ್ಣು ಬೆರಳಿಗೆ ಒಣ ಅನಿಸುವವರೆಗೆ ಪೈಪ್ ಮುಟ್ಟಬೇಡಿ. ಕಂದಿದ ಹುಲ್ಲು ಕಂಡ ಕೂಡಲೇ ನೀರು ಬಿಡುವ ಅಭ್ಯಾಸ ಇದೆಯಲ್ಲ, ನನ್ನ ಪ್ರಕಾರ ಬಿಸಿಲಿಗಿಂತ ಹೆಚ್ಚು ಲಾನ್ ಕೊಂದದ್ದು ಅದೇ.

ಬೇರು ಕತ್ತರಿಸಿದ ಹಾಗಿದ್ದು, ಮಣ್ಣಲ್ಲಿ ಸುರುಳಿ ಸುತ್ತಿದ ಬಿಳಿ ಹುಳು ಕಂಡರೆ ಅದು ಗೊಣ್ಣೆ ಹುಳು. ಔಷಧಿಯ ಮಾತು ಆಗ ಮಾತ್ರ. ಮಳೆಗಾಲದಲ್ಲಿ ದುಂಡಗೆ ಹರಡುವ ಮಚ್ಚೆ ಸಾಮಾನ್ಯವಾಗಿ ಶಿಲೀಂಧ್ರದ್ದು. ಸಂಜೆ ನೀರು ಬಿಡುವುದು ನಿಲ್ಲಿಸಿ, ಬೆಳಿಗ್ಗೆ ಬಿಡಿ.

ಇನ್ನು ಶಹಾಬಾದ್ ಕಲ್ಲಿನ ದಾರಿಯ ಅಂಚಿಗೆ ಉದ್ದಕ್ಕೆ ಪಟ್ಟಿ ಕಂದಿದೆಯೇ? ರೋಗ ಅಲ್ಲ. 42 ಡಿಗ್ರಿ ಬಿಸಿಲಲ್ಲಿ ಆ ಕಲ್ಲು ಕಾದರೆ ಬರಿಗಾಲಲ್ಲಿ ನೀವೇ ನಿಲ್ಲಲಾರಿರಿ, ಪಕ್ಕದ ಹುಲ್ಲಿನ ಗತಿ ಏನು? ಆ ಒಂದು ಗೇಣು ಜಾಗಕ್ಕೆ ಬೇರೆಯಾಗಿ ನೀರು ಕೊಡಿ.

ಕಂದಿದ್ದೆಲ್ಲ ಸತ್ತಿರುವುದಿಲ್ಲ. ಒಂದು ಎಳೆ ಕಿತ್ತು ಬುಡ ನೋಡಿ. ಬುಡ ಗಟ್ಟಿಯಾಗಿ, ತಿಳಿ ಹಸಿರಾಗಿದ್ದರೆ ಚಿಗುರುತ್ತದೆ, ಕಾಯಿರಿ. ಬುಡವೂ ಒಣಗಿ ಪುಡಿಯಾದರೆ ಆ ತುಂಡು ತೆಗೆಯಿರಿ. ಆದರೆ ಮೇ ತಿಂಗಳ ಉರಿಯಲ್ಲಿ ಹೊಸದು ಹಾಕಿಸಬೇಡಿ. ಜೂನ್‌ನಲ್ಲಿ ಎರಡು ಒಳ್ಳೆ ಮಳೆ ಬೀಳಲಿ. ಆರಿಂಚು ಅಗೆದು, ಮರಳು-ಗೊಬ್ಬರ ಬೆರೆಸಿ, ಆಮೇಲೆ ನರ್ಸರಿಯವರಿಗೆ ಹೇಳಿ.