ತೊಳೆದದ್ದು ಕೈ, ಹರಡಿದ್ದು ಗಾಳಿಯಲ್ಲಿ

2020ರ ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆಗಳಲ್ಲಿ ಹಾಲಿನ ಪ್ಯಾಕೆಟ್ಟಿಗೂ ಸೋಪಿನ ಸ್ನಾನವಾಗುತ್ತಿತ್ತು. ಟೊಮೆಟೊ, ಬದನೆಕಾಯಿಗಳು ಉಪ್ಪು, ಅರಿಶಿನದ ನೀರಿನಲ್ಲಿ ಮುಳುಗೆದ್ದು ಬಿಸಿಲು ಕಾಯುತ್ತಿದ್ದವು. ದಿನಪತ್ರಿಕೆಯನ್ನೇ ನಿಲ್ಲಿಸಿದವರು ಕೆಲವರು, ಇಸ್ತ್ರಿ ಹಾಕಿ ಓದಿದವರು ಕೆಲವರು. ಯಾರಿಗಾದರೂ ಫೋನ್ ಮಾಡಿದರೆ ಮೊದಲು ಕೆಮ್ಮು, ಆಮೇಲೆ ಕೈ ತೊಳೆಯುವ ಉಪದೇಶ. ದೇಶದ ಮೊದಲ ಕೋವಿಡ್ ಸಾವು ಆ ಮಾರ್ಚ್‌ನಲ್ಲಿ ಕಲಬುರಗಿಯಲ್ಲೇ ಆಗಿದ್ದರಿಂದ ಭಯ ಮನೆ ಬಾಗಿಲಿಗೇ ಬಂದಿತ್ತು. ಏನಾದರೂ ಕೆಟ್ಟರೆ ‘ಜನರಿಗೆ ಜಾಗೃತಿ ಇಲ್ಲ’ ಎಂದು ದೂರುವುದು ನಮ್ಮಲ್ಲಿ ವಾಡಿಕೆ. ಈ ಸಲ ಹಾಗೆನ್ನುವಂತಿಲ್ಲ. ಹೇಳಿದ್ದನ್ನು ಬಹಳಷ್ಟು ಜನ ಚಾಚೂ ತಪ್ಪದೆ ಮಾಡಿದರು. ಹೇಳಿದ್ದರಲ್ಲೇ ಅರ್ಧ ತಪ್ಪಿತ್ತು.

ವಸ್ತುಗಳ ಮೇಲಿನ ಭಯ ಸುಮ್ಮನೆ ಹುಟ್ಟಿದ್ದಲ್ಲ. ವೈರಸ್ ಪ್ಲಾಸ್ಟಿಕ್ ಮೇಲೆ 72 ಗಂಟೆ, ರಟ್ಟಿನ ಮೇಲೆ 24 ಗಂಟೆ, ತಾಮ್ರದ ಮೇಲೆ 4 ಗಂಟೆಯವರೆಗೆ ಉಳಿಯಬಲ್ಲದು ಎಂದು ಅಮೆರಿಕದ ಒಂದು ಪ್ರಯೋಗ ಮಾರ್ಚ್‌ನಲ್ಲೇ ತೋರಿಸಿತ್ತು. ಈ ಅಂಕಿಗಳು ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲ ಸುತ್ತಿದವು. ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳಲ್ಲೂ ಪ್ರಯೋಗ ನಡೆದ 3 ಗಂಟೆಯುದ್ದಕ್ಕೂ ವೈರಸ್ ಜೀವಂತವಾಗಿತ್ತು ಎಂದು ಅದೇ ಪ್ರಬಂಧ ಹೇಳಿತ್ತು. ಆ ಮಾತಿಗೆ ಅಷ್ಟು ಪ್ರಚಾರ ಸಿಗಲಿಲ್ಲ. ಪ್ರಯೋಗಾಲಯದಲ್ಲಿ ವಸ್ತುವಿನ ಮೇಲೆ ಸುರಿಯುವಷ್ಟು ವೈರಸ್ಸನ್ನು ಯಾವ ರೋಗಿಯೂ ಕೆಮ್ಮಿ ಬಿಟ್ಟುಹೋಗುವುದಿಲ್ಲ ಎಂಬ ಆಕ್ಷೇಪವೂ ಕೆಲವೇ ತಿಂಗಳಲ್ಲಿ ಬಂತು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ತಗಲುವ ಸಂಭವ 10,000ದಲ್ಲಿ ಒಂದಕ್ಕಿಂತ ಕಡಿಮೆ ಎಂದಿತು. ಅಷ್ಟರಲ್ಲಿ ಎರಡನೆಯ ಅಲೆ ನಮ್ಮ ಮೇಲೆ ಬಿದ್ದಾಗಿತ್ತು.

ಗಾಳಿಯ ಸುಳಿವು ಮೊದಲಿನಿಂದಲೂ ಇತ್ತು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್‌ನಲ್ಲಿ 61 ಮಂದಿ ಎರಡೂವರೆ ಗಂಟೆ ಕೂಡಿ ಹಾಡುವ ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣವಿತ್ತು. ಬಾಗಿಲಲ್ಲಿ ಸ್ಯಾನಿಟೈಸರ್ ಇತ್ತು, ಅಪ್ಪುಗೆಗಳಿರಲಿಲ್ಲ. ಆದರೂ ಉಳಿದವರಲ್ಲಿ 52 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಇಷ್ಟು ಜನರಿಗೆ ಒಂದೇ ಸಂಜೆ ಕೈಯಿಂದಲೇ ಅಂಟಿತು ಎಂದು ನಂಬುವುದು ಕಷ್ಟ.

ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದಾಗ ಎಣ್ಣೆಯ ಹನಿ ಒಲೆಯ ಸುತ್ತಲೇ ಸಿಡಿಯುತ್ತದೆ, ಘಾಟು ಮಾತ್ರ ಹಜಾರದಲ್ಲಿ ಕೂತವರನ್ನೂ ಕೆಮ್ಮಿಸುತ್ತದೆ. ಉಸಿರಿನಲ್ಲೂ ಹೀಗೆ ಎರಡು ಬಗೆ. 100 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಹನಿ ಬಾಯಿಯ ಮಟ್ಟದಿಂದ ನೆಲ ಸೇರಲು ಕೆಲವು ಸೆಕೆಂಡು ಸಾಕು. 5 ಮೈಕ್ರಾನ್‌ನ ಕಣಕ್ಕೆ ನಿಶ್ಚಲ ಗಾಳಿಯಲ್ಲಿ ಅರ್ಧ ಗಂಟೆ ಬೇಕು; 1 ಮೈಕ್ರಾನ್‌ನದಕ್ಕೆ ಹತ್ತು ಗಂಟೆಗೂ ಹೆಚ್ಚು. ಮಾತಾಡಿದರೂ ಹಾಡಿದರೂ ಇಂಥವು ಹೊರಬೀಳುತ್ತವೆ, ಕೆಮ್ಮಲೇಬೇಕೆಂದಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅವು ಜಮೆಯಾಗುತ್ತ ಹೋಗುತ್ತವೆ. ಅಲ್ಲಿ ಆರು ಅಡಿ ಅಂತರವೊಂದೇ ಕಾಪಾಡದು.

ಇಷ್ಟು ಸರಳ ಭೌತಶಾಸ್ತ್ರ ತಜ್ಞರ ಕಣ್ಣು ತಪ್ಪಿದ್ದು ಹೇಗೆ? 5 ಮೈಕ್ರಾನ್‌ಗಿಂತ ದೊಡ್ಡ ಹನಿಗಳೆಲ್ಲ ಬೇಗ ನೆಲಕ್ಕೆ ಬೀಳುತ್ತವೆ ಎಂದು ವೈದ್ಯಕೀಯ ಪಠ್ಯಗಳು ದಶಕಗಳ ಕಾಲ ಬರೆಯುತ್ತ ಬಂದಿದ್ದವು. ಆದರೆ 1930ರ ದಶಕದಲ್ಲಿ ವಿಲಿಯಂ ವೆಲ್ಸ್ ಎಂಬ ಅಮೆರಿಕನ್ ವಿಜ್ಞಾನಿ ಲೆಕ್ಕ ಹಾಕಿ ಕೊಟ್ಟ ಗಡಿ 100 ಮೈಕ್ರಾನ್. 5 ಎಂಬುದು ಕ್ಷಯದ ಅಧ್ಯಯನಗಳಿಂದ ನುಸುಳಿ ಬಂದ ಸಂಖ್ಯೆ: ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಕಣದ ಗಾತ್ರ ಅದು. ತೇಲುವುದಕ್ಕೂ ಆಳಕ್ಕಿಳಿಯುವುದಕ್ಕೂ ಇರುವ ವ್ಯತ್ಯಾಸ ಕಲಸಿಹೋಯಿತು. ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲಿ ಖಡಾಖಂಡಿತವಾಗಿ ಸಾರಿತು. ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆಯಬೇಕಾಯಿತು. 5 ಮೈಕ್ರಾನ್‌ನ ಆ ಹಳೆಯ ಗಡಿಯನ್ನು ಸಂಸ್ಥೆ ಪಕ್ಕಕ್ಕಿಟ್ಟದ್ದು 2024ರಲ್ಲಿ.

ವಿಜ್ಞಾನದ ಗೊಂದಲದ ಜೊತೆಗೆ ಅನುಕೂಲವೂ ಸೇರಿತ್ತು ಎಂದೇ ನನ್ನ ಅನಿಸಿಕೆ. ಕೈ ತೊಳೆಯುವುದು ನಿಮ್ಮ ಹೊಣೆ. ಗಾಳಿ ಬದಲಿಸುವುದು ಕಟ್ಟಡದ ಒಡೆಯನ ಹೊಣೆ, ಅದಕ್ಕೆ ಖರ್ಚಿದೆ. ಅನೇಕ ಕಚೇರಿಗಳ ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದರು, ಕಾಲಲ್ಲಿ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್ ಇಟ್ಟರು, ಕೌಂಟರಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದರು. ಒಳಗೆ ಎಸಿ, ಮುಚ್ಚಿದ ಕಿಟಕಿ. ಅತ್ತ ಮೊದಲ ಲಾಕ್‌ಡೌನ್‌ನಲ್ಲಿ ಸೋಂಕಿನ ಅಪಾಯ ತೀರಾ ಕಡಿಮೆಯಿದ್ದ ಕಬ್ಬನ್ ಪಾರ್ಕಿಗೂ ಲಾಲ್‌ಬಾಗಿಗೂ ಬೀಗ.

ಆ ವರ್ಷದ ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’ ಇದಕ್ಕೆ ವಿರುದ್ಧ ದಿಕ್ಕಿನದು. ಮೊಬೈಲ್ ಇಲ್ಲದ ಮಕ್ಕಳಿರುವ ಕಡೆಗೆ ಶಿಕ್ಷಕರೇ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಗಾಳಿಯ ಲೆಕ್ಕ ಹಾಕಿ ಮಾಡಿದ ಯೋಜನೆ ಅದಲ್ಲ, ಶಾಲೆ ಮುಚ್ಚಿದ್ದಕ್ಕೆ ಕಂಡುಕೊಂಡ ದಾರಿ. ಆದರೂ ಒಳ್ಳೆಯ ಗಾಳಿಯ ತರಗತಿ ಅದಕ್ಕಿಂತ ಬೇರೊಂದು ಸಿಗುವುದು ಕಷ್ಟವಿತ್ತು. ಸೋಂಕಿನ ಸುದ್ದಿಗಳ ನಡುವೆ ಅಕ್ಟೋಬರ್‌ನಲ್ಲಿ ಅದನ್ನು ತಡೆಹಿಡಿಯಲಾಯಿತು.

ಕೈ ತೊಳೆಯುವುದು ವ್ಯರ್ಥವೆಂದಲ್ಲ, ವಾಂತಿಭೇದಿಯನ್ನು ತಡೆಯಲು ಅದು ಬೇಕೇ ಬೇಕು. ಆದರೆ ಕೋಣೆಯ ಗಾಳಿ ಹೇಗಿದೆ ಎಂದು ಕಣ್ಣಿಗೆ ಕಾಣದು, ಅಳೆಯಬೇಕು. ನಾವು ಉಸಿರಾಗಿ ಬಿಡುವ ಇಂಗಾಲದ ಡೈಆಕ್ಸೈಡ್ ಅದಕ್ಕೆ ಸುಲಭದ ಸೂಚಕ: ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷದಲ್ಲಿ ಸುಮಾರು 420 ಭಾಗ ಇರುವ ಅದು ಕಿಕ್ಕಿರಿದ ಕೋಣೆಯಲ್ಲಿ 1,500 ದಾಟಿದೆ ಎಂದರೆ, ನೀವು ಎಳೆದುಕೊಳ್ಳುತ್ತಿರುವ ಗಾಳಿಯಲ್ಲಿ ನೂರಕ್ಕೆ ಎರಡೂವರೆ ಪಾಲಿಗೂ ಹೆಚ್ಚು ಬೇರೆಯವರ ಶ್ವಾಸಕೋಶ ಸುತ್ತಿ ಬಂದದ್ದು. ಎದುರುಬದುರಿನ ಎರಡು ಕಿಟಕಿ ತೆರೆದು ಫ್ಯಾನ್ ಹಾಕಿದರೆ ಆ ಅಂಕಿ ನಿಮಿಷಗಳಲ್ಲಿ ಇಳಿಯತೊಡಗುತ್ತದೆ.